ತೊಟ್ಟಿಲನ್ನೂ ಗುಮ್ಮಟದ ಲೆಕ್ಕಕ್ಕೆ ಹಿಡಿದವರಿಗೆ

ಅಧ್ಯಕ್ಷರು,
ಕಾಂಕ್ರೀಟ್ ಗುಮ್ಮಟ ಪರಂಪರೆ ರಕ್ಷಣಾ ಸಮಿತಿ, ಗೋಕಾಕ

ಮಾನ್ಯರೇ,

ರಾತ್ರಿ ಎರಡು ನಲವತ್ತಕ್ಕೆ ಹಿಟ್ಟು ನಾದುವ ಪರಾತದ ಮೇಲೆ ಠಣ್ಣನೆ ಬಿದ್ದ ಕಾಂಕ್ರೀಟ್ ಚೂರೊಂದು ನನ್ನನ್ನು ಎಬ್ಬಿಸಿ, ತಮಗೆ ನಮಸ್ಕಾರ ತಿಳಿಸುವ ಸದವಕಾಶವನ್ನು ಒದಗಿಸಿದೆ. ಹಿಡಕಲ್ ಡ್ಯಾಮಿನ ಕಾಲನಿಯ ಗುಮ್ಮಟದ ಮನೆಯಿಂದ, ಏಳು ತಿಂಗಳ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ತಾವು ಸಪಾಟಾದ ಮಾಳಿಗೆಯ ಕೆಳಗೆ ಸುಖವಾಗಿ ಮಲಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ಮಗಳು ಮಲಗಬೇಕಾದ ತೊಟ್ಟಿಲಿನಲ್ಲಿ ಸದ್ಯ, ಉದುರುವ ಚೂರು ಹಿಡಿಯಲು, ಪರಾತ ಮಲಗಿದೆ.

ಮಣ್ಣಿನ ದಿಬ್ಬ ಒಟ್ಟಿ, ಅದರ ಮೇಲೆ ಕಾಂಕ್ರೀಟ್ ಸುರಿದು, ಗಟ್ಟಿಯಾದ ಮೇಲೆ ಒಳಗಿನ ಮಣ್ಣು ತೋಡಿ ತೆಗೆದು ಮನೆ ಮಾಡಿದ ಐವತ್ತು ವರ್ಷದ ಹಿಂದಿನ ಆ ಇಂಜಿನಿಯರರ ಜಾಣತನಕ್ಕೆ ನಾನೂ ತಲೆಬಾಗುತ್ತೇನೆ. ಹುಕ್ಕೇರಿಯೆಲ್ಲ ಕಾದ ಹಂಚಾಗಿರುವಾಗಲೂ ಇದರೊಳಗೆ ತಂಪು. ಕೊರತೆಯೆಂದರೆ, ಬಾಣಂತಿಯನ್ನು ಮಲಗಿಸಲು ಮೂಲೆಯಿಲ್ಲ, ತೊಟ್ಟಿಲು ಕಟ್ಟಲು ತೊಲೆಯಿಲ್ಲ. ಆದ್ದರಿಂದ ನಮ್ಮ ಅತ್ತೆ ಪಾರವ್ವ, ಕಳೆದ ಶ್ರಾವಣದಲ್ಲಿ, ಗುಮ್ಮಟದ ನೆತ್ತಿಯಲ್ಲಿದ್ದ ಕಬ್ಬಿಣದ ಬಳೆಗೇ ತೊಟ್ಟಿಲಿನ ಹಗ್ಗ ಬಿಗಿಸಿದರು.

ಹೋದ ತಿಂಗಳು ತಾವು ಮೂರು ಕಾರುಗಳಲ್ಲಿ ದಯಮಾಡಿಸಿ, ಪ್ರತಿಧ್ವನಿ ಕೇಳಲೆಂದು ಚಪ್ಪಾಳೆ ತಟ್ಟಿ, ಮಗಳನ್ನು ಎಬ್ಬಿಸಿದಿರಿ. ಅವಳ ಅಳು ಐದು ಸಲ ಮರಳಿ ಬಂದದ್ದನ್ನು ತಮ್ಮ ಸದಸ್ಯರೊಬ್ಬರು ಕಣ್ಣುಮುಚ್ಚಿ ಆಸ್ವಾದಿಸಿದರು. ಇಷ್ಟು ದೊಡ್ಡವರು ಬಂದ ಮೇಲೆ ಮನೆಯ ಮರ್ಯಾದೆ ಒಂದು ತೂಕ ಹೆಚ್ಚಿರಲೆಂದು ಅತ್ತೆ ಚಹಾದ ಜೊತೆಗೆ ಒಂದು ಮಾತನ್ನೂ ಕೊಟ್ಟರು: "ಈ ತೊಟ್ಟಲಾ ಇಂಜಿನಿಯರ ಸಾಹೇಬರ ಕಾಲದಿಂದ ಇಲ್ಲೇ ತೂಗಾಕತ್ತೈತ್ರಿ." ಖರೆ ಹೇಳಬೇಕೆಂದರೆ ತೊಟ್ಟಿಲು ಯಮಕನಮರಡಿಯ ಅಂಗಡಿಯದು, ಹಗ್ಗ ಘೋಡಗೇರಿಯ ನಾದಿನಿಯ ಎಮ್ಮೆಯದು. ತಾವು ಮಾತ್ರ ಅದನ್ನು "ಮೂಲ ವಿನ್ಯಾಸದ ಅವಿಭಾಜ್ಯ ಅಂಗ" ಎಂದು ದಾಖಲಿಸಿ, ಗಂಟಿಗೆ ಅರಗಿನ ಮೊಹರು ಒತ್ತಿ, ಬಿಚ್ಚಿದವರಿಗೆ ಕ್ವಾರ್ಟರ್ಸ್ ಇಲ್ಲವೆಂಬ ನೋಟಿಸನ್ನೂ ಅಂಟಿಸಿ ಹೋದಿರಿ. ಬಾಜೂ ಮನೆಯ ಸಾತವ್ವ ಅಂದಿನಿಂದ ನಗುತ್ತಲೇ ಇದ್ದಾರೆ: "ಪಾರಕ್ಕ, ತೊಟ್ಟಲಾ ಸರಕಾರದ್ದಾತು, ಇನ್ನ ಕೂಸಿಗೂ ಒಂದು ಟಿಕೀಟ ತಗಸ್ರಿ."

ಆ ಬಳೆಯ ಸುತ್ತಲೇ ಈಗ ಬಿರುಕು ಬಿಟ್ಟಿದ್ದು, ಈ ವಾರ ಒಂದು ಗೇಣು ಬಾಗಿಲಿನ ಕಡೆಗೆ ಇಳಿದಿದೆ. ಆಸರೆಗೆ ಕಂಬ ನಿಲ್ಲಿಸೋಣವೆಂದರೆ, ನಿಲ್ಲಿಸಬೇಕಾದ ಜಾಗದಲ್ಲಿ ಅವಿಭಾಜ್ಯ ಅಂಗ ತೂಗುತ್ತಿದೆ. ಕ್ವಾರ್ಟರ್ಸ್ ಕಚೇರಿಯವರು ಸಮಿತಿಯನ್ನು ಕೇಳಿ ಎನ್ನುತ್ತಾರೆ; ಸಮಿತಿಯವರು ತಜ್ಞರ ವರದಿ ಬರಲಿ ಎನ್ನುತ್ತಾರೆ. ಬಿರುಕಿಗೆ ಯಾರನ್ನೂ ಕೇಳುವ ರೂಢಿಯಿಲ್ಲ. ಕಚೇರಿಯ ವೇಳೆಯಲ್ಲಷ್ಟೇ ಉದುರಬೇಕೆಂದು ತಾವು ಅದಕ್ಕೊಂದು ಸುತ್ತೋಲೆ ಹೊರಡಿಸಬಹುದೇ? ಆಗದಿದ್ದರೆ ಚಪ್ಪಾಳೆ ತಟ್ಟಿದ ಸದಸ್ಯರಲ್ಲಿ ಒಬ್ಬರನ್ನು ಒಂದು ರಾತ್ರಿಯ ಮಟ್ಟಿಗೆ ತೊಟ್ಟಿಲಿನಲ್ಲಿ ಮಲಗಲು ಕಳಿಸಿರಿ. ಲಾಲಿ ನಾನೇ ಹಾಡುತ್ತೇನೆ.

ಗುಮ್ಮಟ ಉಳಿಯಬೇಕೆಂಬ ಆಸೆ ತಮಗಿಂತ ನನಗೇ ಹೆಚ್ಚು, ಏಕೆಂದರೆ ನಾನು ಅದರ ಕೆಳಗಿದ್ದೇನೆ. ಕಾಲುವೆಯ ಗೇಟು ಕಾಯುವ ನಮ್ಮವರು, ಈಶ್ವರ, ಆರಕ್ಕೆ ಪಾಳಿ ಮುಗಿಸಿ ನೀಲಗಿರಿ ಕಂಬ ಹೊತ್ತು ಬರುತ್ತಾರೆ. ಬಂದವರೇ ಹಗ್ಗ ಕೊಯ್ಯುತ್ತಾರಂತೆ. ಕೊಯ್ದರೆ ನೋಟಿಸಿನ ಪ್ರಕಾರ ಮನೆ ಹೋಗುತ್ತದೆ, ಕೊಯ್ಯದಿದ್ದರೆ ಮನೆಯೇ ನಮ್ಮ ಮೇಲೆ ಬರುತ್ತದೆ. ಬಿಚ್ಚಿರೆಂದು ತಾವೊಂದು ಮಾತು ಹೇಳಿದರೆ ಗುಮ್ಮಟವೂ ಉಳಿದೀತು, ನಾವೂ ಉಳಿದೇವು.

ಎಚ್ಚರವಾಗಿಯೇ ಇರುವ ತಮ್ಮ ವಿಶ್ವಾಸಿ,
ದಾಕ್ಷಾಯಿಣಿ ಈಶ್ವರ, ಬಿ.ಎ.

ತಾ.ಕ.: ತಮ್ಮ ನೋಟಿಸಿನ ಕೆಳಗೆ "ಪರಂಪರೆಗೆ ಅಪಾಯ ಕಂಡುಬಂದರೆ ಯಾವುದೇ ವೇಳೆಯಲ್ಲಿ ಕರೆ ಮಾಡಿ" ಎಂದಿದೆ. ಮೂರು ಸಲ ಮಾಡಿದೆ; ತಾವು ಎತ್ತಲಿಲ್ಲ. ಆದ್ದರಿಂದ ಈ ಪತ್ರವನ್ನು ಅದೇ ನಂಬರಿಗೆ ವಾಟ್ಸಾಪಿನಲ್ಲಿ ಕಳಿಸುತ್ತಿದ್ದೇನೆ. ಅಪಾಯ ಬರಿಯ ಮಗುವಿಗೆ ಎಂದುಕೊಂಡಿರಾದರೆ, ತೊಟ್ಟಿಲೂ ಆ ಬಿರುಕಿನ ಕೆಳಗೇ ಇದೆ. ನನ್ನ ನಂಬರು ತಮ್ಮ ಫೋನಿನಲ್ಲಿ ಬಿದ್ದಿದೆ. ಆರರೊಳಗೆ, ಬೆಳಗಾಗುವ ಮುಂಚೆ, ದಯವಿಟ್ಟು ಒಂದು ಫೋನ್ ಮಾಡಿರಿ.