ಬೋಣಿಯಾಗದೆ ಬಾಯಿ ಬಿಡದ ಭಾವ

ನಮ್ಮ ಭಾವನಿಗೆ ಬುದ್ಧಿಯಿಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಹೇಳಿದ್ದರೆ ಅಕ್ಕ ನನ್ನನ್ನು ದುಬೈಯ ಮಿರ್ದಿಫ್‌ನ ತನ್ನ ಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಬುದ್ಧಿ ಇದೆ, ಬೇಕಾದಷ್ಟಿದೆ. ಬೆಳಿಗ್ಗೆ ಬೋಣಿಯಾಗುವವರೆಗೆ ಅದು ಕೆಲಸ ಶುರು ಮಾಡುವುದಿಲ್ಲ, ಅಷ್ಟೇ!

ದಿನದ ಮೊದಲ ವ್ಯಾಪಾರಕ್ಕೆ ನಮ್ಮ ಕರಾವಳಿಯ ಅಂಗಡಿಯವರೆಲ್ಲ ಕೈ ಮುಗಿಯುತ್ತಾರೆ, ಒಪ್ಪಿದೆ. ಆದರೆ ಬೋಣಿಯಾಗದೆ ಚಹಾ ಕುಡಿಯದವರನ್ನು ನೀವು ನೋಡಿದ್ದೀರಾ? ಫೋನು ಮಾಡಿ ರೇಟು ಕೇಳಿದರೆ, "ಆಮೇಲೆ ಮಾಡಿ, ಈಗ ಬಾಯಿ ಬಿಡ್ಲಿಕ್ಕಿಲ್ಲ" ಎಂದು ಇಟ್ಟುಬಿಡುವವರನ್ನು? ಮೊದಲ ವ್ಯಾಪಾರ ಆಗದೆ ರೇಟು ಹೇಳುವುದಿಲ್ಲ, ರೇಟು ಹೇಳದೆ ಮೊದಲ ವ್ಯಾಪಾರ ಆಗುವುದು ಹೇಗೆ ಸ್ವಾಮಿ?

ಭಾವ ಮಾಡುವುದು ಕರೆಂಟಿನ ತುರಿಮಣೆ. ಸ್ಟೋರ್‌ಕೀಪರ್ ಕೆಲಸ ಹೋದ ಮೇಲೆ, ಅಲ್ ಕೂಜ್‌ನಲ್ಲಿ ಭಟ್ಕಳದ ಸಾಹುಕಾರರೊಬ್ಬರ ಗೋದಾಮಿನ ಮೂಲೆಯಲ್ಲಿ ಕೂತು ಅದನ್ನು ಕಂಡುಹಿಡಿದರು. ಮಡಚಿದರೆ ಮಂಚದ ಅಡಿಗೆ ಹೋಗುತ್ತದೆ. ಬೆಡ್‌ಸ್ಪೇಸ್‌ನಲ್ಲಿ ಬರೀ ಒಂದು ಮಂಚದ ಜಾಗ ಬಾಡಿಗೆಗೆ ಹಿಡಿದು ಬದುಕುವವರೂ ಕಾಯಿ ತುರಿದು ಪದಾರ್ಥ ಮಾಡಬಹುದು. ಜೊತೆಗೆ, ಬೋಣಿಗೆ ಸುಲಭವಾಗಲಿ ಎಂದು ಒಂದು ದಿರ್ಹಮಿನ ಸ್ಕ್ರೂ ಪೊಟ್ಟಣ. ಮಧ್ಯಾಹ್ನವಾದರೂ ಯಾರೂ ಬಾರದಿದ್ದರೆ ಅಕ್ಕನೇ ಫೋನು ಮಾಡಿ ತನಗೊಂದು ತುರಿಮಣೆ ಬೇಕೆಂದು ಆರ್ಡರ್ ಕೊಡುತ್ತಿದ್ದಳು, ಗಂಡ ಚಹಾ ಕುಡಿಯಲಿ ಎಂದು! ಅವಳ ಅಡುಗೆಮನೆಯಲ್ಲಿ ಜಾಗ ಮುಗಿದು ಈಗ ಬಚ್ಚಲಲ್ಲೂ ಒಂದು ತುರಿಮಣೆ ಇದೆ.

ಇಂಥ ಭಾವನನ್ನು ಸರ್ಕಾರದ ದುಡ್ಡಿನಲ್ಲಿ ನಡೆಯುವ ಒಂದು ಇನ್‌ಕ್ಯುಬೇಟರಿಗೆ ಸೇರಿಸಿದವಳು ನಾನೇ. ಸಣ್ಣ ಉದ್ಯಮದವರಿಗೆ ಅಲ್ಲಿ ಒಂದು ಮೇಜು, ಲೈಸೆನ್ಸು, ವೀಸಾ ಮತ್ತು ಮಣಗಟ್ಟಲೆ ಬುದ್ಧಿವಾದ ಸಿಗುತ್ತದೆ. ಮೊದಲ ಮೂರನ್ನು ನಾನು ಈಗಲೂ ಮೆಚ್ಚುತ್ತೇನೆ. ನಾಲ್ಕನೆಯದರ ಹೆಸರೆತ್ತಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಮೊದಲ ದಿನ ಹೋಗಿಬಂದ ಭಾವ ಸೀನುತ್ತಿದ್ದರು. "ಮೊಟ್ಟೆಗೆ ಕಾವು ಕೊಡುವ ಜಾಗ ಅಂತ ಹೇಳಿದಿಯಲ್ಲ ಮಾರಾಯ್ತಿ, ಅಲ್ಲಿ ಎಸಿ ಹಾಕಿದ ನಮೂನೆ ನೋಡಿದ್ರೆ ಮೀನು ಇಡುವ ಜಾಗದ ಹಾಗುಂಟು!"

ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ "ಬೇಗ ಸೋಲಿ, ಸೋತು ಕಲಿಯಿರಿ" ಎಂದು ಬರೆದಿತ್ತಂತೆ. ಭಾವನಿಗೆ ಅದು ಅರ್ಥವೇ ಆಗಲಿಲ್ಲ. "ಸೋಲ್ಲಿಕ್ಕೆ ದುಬೈವರೆಗೆ ಬರ್ಬೇಕಿತ್ತಾ? ಊರಲ್ಲೇ ಚಂದ ಮಾಡಿ ಸೋಲ್ತಿದ್ದೆ!"

ಭಾವನಿಗೆ ದಾರಿ ತೋರಿಸಲು ಒಬ್ಬಳು ಮೆಂಟರ್ ಇದ್ದಳು. ಕಾನ್ಪುರದ ಹುಡುಗಿ, ಭಾವನನ್ನು ಅಂಕಲ್ ಎನ್ನುತ್ತಿದ್ದಳು. ಒಳ್ಳೆಯವಳೇ. ಆದರೆ ಮೇಲಿನವರು ಹೇಳಿಕೊಟ್ಟ ಪಾಠ ಒಪ್ಪಿಸಬೇಕಲ್ಲ!

"ಅಂಕಲ್, ನಿಮ್ಮ ಉತ್ಪನ್ನ ಯಾವ ಸಮಸ್ಯೆಯನ್ನು ಪರಿಹರಿಸುತ್ತದೆ?"

"ಕಾಯಿ ತುರಿಯುತ್ತದೆ."

"ಅದಕ್ಕೊಂದು ಆ್ಯಪ್ ಬೇಕು. ಎಷ್ಟು ತುರಿಯಿತು ಅಂತ ಫೋನಿನಲ್ಲಿ ಕಾಣಬೇಕು."

"ತಟ್ಟೆಯಲ್ಲಿ ಕಾಣ್ತದಲ್ಲ ಮಗಾ?"

ತಿಂಗಳುಗಟ್ಟಲೆ ಇದೇ! ತುರಿಮಣೆ ಮಾರುವುದು ಬಿಟ್ಟು, ತುರಿಮಣೆಯನ್ನು ಮಾರುವುದು ಹೇಗೆ ಎಂದು ಪರದೆಯ ಮೇಲೆ ಚಿತ್ರ ತೋರಿಸುವುದು. ಪಕ್ಕದ ಮೇಜಿನಲ್ಲಿ ಕೀನ್ಯಾದ ಹೆಂಗಸು ಚಹಾಪುಡಿ ಇಟ್ಟುಕೊಂಡು ಚಿತ್ರ ಬರೆಯುತ್ತಿದ್ದಳು. ಅದರಾಚೆ ನೇಪಾಳದವನೊಬ್ಬ ಉಣ್ಣೆ ಟೋಪಿ ಇಟ್ಟುಕೊಂಡು ಚಿತ್ರ ಬರೆಯುತ್ತಿದ್ದ. ಬಡ ದೇಶಗಳಿಂದ ಬಂದ ಇವರೆಲ್ಲರ ನಗುಮುಖದ ಫೋಟೋ ಕೇಂದ್ರದ ಬಾಗಿಲಲ್ಲೇ ತೂಗುತ್ತಿತ್ತು. ಆದರೆ ಇವರಿಂದ ಒಂದು ಸಾಮಾನು ಕೊಳ್ಳುವ ಒಬ್ಬ ನರಪಿಳ್ಳೆಯನ್ನೂ ಯಾರೂ ಕರೆತರಲಿಲ್ಲ. ಮೇಲಾಗಿ, ಕೇಂದ್ರದೊಳಗೆ ಮಾರಾಟ ನಿಷಿದ್ಧ! ಈಜು ಕಲಿಸುತ್ತೇವೆ, ನೀರಿಗೆ ಮಾತ್ರ ಇಳಿಯಬೇಡಿ ಎಂದ ಹಾಗಾಯಿತು.

ನಮ್ಮ ಭಾವ ಸುಮ್ಮನಿರುತ್ತಾರೆಯೇ? ಬೆಳಿಗ್ಗೆ ಹೋದವರೇ ಕದ್ದುಮುಚ್ಚಿ ಕೀನ್ಯಾದವಳ ಬೋಣಿ ಮಾಡಿ, ನೇಪಾಳದವನ ಬೋಣಿ ಮಾಡಿ ಬರುತ್ತಿದ್ದರು. ಅವರು ತಿರುಗಿ ಒಂದೊಂದು ಸ್ಕ್ರೂ ಪೊಟ್ಟಣ ಕೊಳ್ಳುತ್ತಿದ್ದರು. ಇಡೀ ಕೇಂದ್ರದಲ್ಲಿದ್ದ ಏಕೈಕ ಕಾಯಂ ಗಿರಾಕಿ ನಮ್ಮ ಭಾವ! ಮಿರ್ದಿಫ್‌ನ ಮನೆಯಲ್ಲಿ ಕಪಾಟು ತೆರೆದರೆ ಉಣ್ಣೆ ಟೋಪಿಗಳು ಮೈಮೇಲೆ ಬೀಳುತ್ತಿದ್ದವು.

"ಈ ಸೆಕೆಯಲ್ಲಿ ಇದನ್ನೆಲ್ಲ ಯಾರ ತಲೆಗೆ ಹಾಕುದು?" ಎಂದು ಅಕ್ಕ ಕೂಗಾಡಿದರೆ, "ಪಾಪ, ಅವನ ಮುಖ ನೋಡ್ಲಿಕ್ಕೆ ಆಗ್ಲಿಲ್ಲ ಮಾರಾಯ್ತಿ" ಎಂಬ ಉತ್ತರ. ಅಕ್ಕನ ಮಗಳು ಮಾತ್ರ ಒಂದು ಟೋಪಿ ಹಾಕಿಕೊಂಡು, "ಇಟ್ಸ್ ಕ್ಯೂಟ್, ಅಪ್ಪ" ಎಂದಳು.

ಹೀಗೆ ವರ್ಷ ಕಳೆದು ಪರೀಕ್ಷೆಯ ದಿನ ಬಂತು. ಅಬುಧಾಬಿಯ ದೊಡ್ಡ ಸಭಾಂಗಣದಲ್ಲಿ ತೀರ್ಪುಗಾರರ ಮುಂದೆ ಐದು ನಿಮಿಷ ಮಾತಾಡಬೇಕು. ಪಾಸಾದರೆ ಮೇಜು ಉಳಿಯುತ್ತದೆ. ಮೇಜು ಹೋದರೆ ಲೈಸೆನ್ಸು ಹೋಯಿತು, ಲೈಸೆನ್ಸು ಹೋದರೆ ವೀಸಾ ಹೋಯಿತು. ಅಕ್ಕ, ಮಗಳು ಇಬ್ಬರೂ ಇರುವುದು ಭಾವನ ವೀಸಾದಲ್ಲಿ. ಆ ವಾರವಿಡೀ ಅಕ್ಕನಿಗೆ ನಿದ್ದೆ ಇರಲಿಲ್ಲ, ನನಗೂ ಇರಲಿಲ್ಲ.

ಮೊದಲ ಹೆಸರೇ ಭಾವನದ್ದು! ವೇದಿಕೆ ಹತ್ತಿದರು. ತುರಿಮಣೆ ಇಟ್ಟರು. ತೆಂಗಿನಕಾಯಿ ಇಟ್ಟರು. ಗಡಿಯಾರ ಶುರುವಾಯಿತು. ಭಾವ ಸುಮ್ಮನೆ ನಿಂತರು.

"ಯಲ್ಲಾ, ಶುರು ಮಾಡಿ" ಎಂದರು ಬಿಳಿ ಕಂದೂರ ನಿಲುವಂಗಿ ತೊಟ್ಟ ಹಿರಿಯ ತೀರ್ಪುಗಾರರು, ನಗುತ್ತಲೇ.

"ಸರ್, ಬೋಣಿ ಆಗ್ಲಿಲ್ಲ. ಒಂದು ದಿರ್ಹಮ್ ಕೊಟ್ಟು ಈ ಸ್ಕ್ರೂ ಪೊಟ್ಟಣ ತಕೊಂಡ್ರೆ ಶುರು ಮಾಡ್ತೇನೆ."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕೇಂದ್ರದ ವ್ಯವಸ್ಥಾಪಕ ಓಡಿಬಂದು, ಇಲ್ಲಿ ಮಾರುವಂತಿಲ್ಲ, ನಿಯಮ ನಿಯಮವೇ ಎಂದ. ಅಕ್ಕ ಪರ್ಸಿಗೆ ಕೈ ಹಾಕಿ ಎದ್ದಳು, ಕಾವಲಿನವನು ಕೂರಿಸಿದ. ವ್ಯಾಪಾರ ಕಲಿಸಲೆಂದೇ ಕಟ್ಟಿದ ಸಂಸ್ಥೆಯಲ್ಲಿ ಒಂದು ದಿರ್ಹಮಿನ ವ್ಯಾಪಾರಕ್ಕೆ ಕಾವಲು! ಭಾವನ ಮೇಲೆ ಹೆಚ್ಚು ಸಿಟ್ಟು ಬಂತೋ ಆ ನಿಯಮದ ಮೇಲೆ ಹೆಚ್ಚು ಬಂತೋ, ನನಗೇ ಗೊತ್ತಾಗಲಿಲ್ಲ. ಗಡಿಯಾರ ಓಡುತ್ತಲೇ ಇತ್ತು.

ಆಗ ವೇದಿಕೆಯ ಪಕ್ಕದಿಂದ ಕಾನ್ಪುರದ ಹುಡುಗಿ ಎದ್ದುಬಂದಳು. ವ್ಯವಸ್ಥಾಪಕನ ಕಣ್ಣೆದುರಿಗೇ ಭಾವನ ಕೈಗೆ ಒಂದು ದಿರ್ಹಮ್ ಹಾಕಿದಳು. "ಅಂಕಲ್, ಒಂದು ಪೊಟ್ಟಣ ಕೊಡಿ."

ಭಾವ ನಾಣ್ಯವನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ನೋಡಬೇಕಿತ್ತು! ಉಳಿದದ್ದು ಒಂದೇ ನಿಮಿಷ. ಅಷ್ಟರಲ್ಲಿ ಕಾಯಿ ತುರಿದರು, ಮಡಚಿದರು, ಬಿಚ್ಚಿದರು, ರೇಟು ಹೇಳಿದರು. ಒಂದಿಷ್ಟು ತುರಿ ಹಾರಿ ಹಿರಿಯರ ಕಂದೂರದ ಮೇಲೆ ಬಿತ್ತು. ಅವರು ಅದನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡು ತಲೆದೂಗಿದರು. ಸಭೆ ಚಪ್ಪಾಳೆ ತಟ್ಟಿತು. ಅಕ್ಕ ಅತ್ತಳು.

ಆದರೂ ಮೇಜು ಹೋಯಿತು. ಈ ವ್ಯಾಪಾರಕ್ಕೆ ದೊಡ್ಡದಾಗಿ ಬೆಳೆಯುವ ಲಕ್ಷಣವಿಲ್ಲವಂತೆ. ಅಲ್ಲ ಸ್ವಾಮಿ, ಎಲ್ಲರೂ ದೊಡ್ಡದಾಗಿಯೇ ಬೆಳೆಯಬೇಕೇ? ಮೂರು ಜನರ ಹೊಟ್ಟೆ ತುಂಬಿಸುವಷ್ಟು ಬೆಳೆದರೆ ಅದು ಬೆಳವಣಿಗೆ ಅಲ್ಲವೇ? ಸಣ್ಣವರಿಗೆ ಅಂತ ಸರ್ಕಾರ ಇಟ್ಟ ದುಡ್ಡು ಸಣ್ಣವರನ್ನು ಸಣ್ಣವರು ಎಂದು ಹೊರಹಾಕಲಿಕ್ಕೋ? ಬೈದು ಬೈದು ನನ್ನ ಬಾಯಿ ಒಣಗಿತು. ಭಾವ ಮಾತ್ರ ಬೈಯಲಿಲ್ಲ. "ಲೈಸೆನ್ಸು ಕೊಟ್ಟು ಒಂದು ವರ್ಷ ನೆರಳು ಕೊಟ್ಟಿದ್ದಾರೆ, ಉಂಡ ಮನೆಗೆ ಬೈಬಾರ್ದು" ಎಂದು ಅಲ್ ಕೂಜ್‌ಗೆ ಹೊರಟರು.

ಅಲ್ಲಿ ಭಟ್ಕಳದ ಸಾಹುಕಾರರು ಎಲ್ಲ ಕೇಳಿ, "ಖಲಾಸ್, ಚಿಂತೆ ಬಿಡಿ, ನನ್ನ ಕಂಪೆನಿಯ ವೀಸಾದಲ್ಲಿ ಬನ್ನಿ. ತುರಿಮಣೆ ನನ್ನ ಲೈಸೆನ್ಸಿನಲ್ಲೇ ಹೋಗಲಿ" ಎಂದರು. ಅವರು ಪರದೆಯ ಮೇಲಿನ ಚಿತ್ರ ಕೇಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಇವತ್ತು ಬೋಣಿ ಆಯ್ತಾ?"

ಇದಾಗಿ ಸ್ವಲ್ಪ ದಿನಕ್ಕೆ ಕಾನ್ಪುರದ ಹುಡುಗಿಯ ಕೆಲಸವೂ ಹೋದ ಸುದ್ದಿ ಬಂತು. ಆ ಒಂದು ದಿರ್ಹಮಿಗೋ, ಬೇರೆ ಕಾರಣಕ್ಕೋ, ಅವಳು ಹೇಳಲಿಲ್ಲ. ಶನಿವಾರ ಅಲ್ ಕೂಜ್‌ನ ಒಂದು ಗೋದಾಮಿನಲ್ಲಿ ನಡೆಯುವ ಸಂತೆಯಲ್ಲಿ, ತಾನೇ ಮಾಡಿದ ಸುವಾಸನೆಯ ಮೇಣದಬತ್ತಿ ಇಟ್ಟು ಕೂರುತ್ತಾಳಂತೆ. ಆ ಶನಿವಾರ ಭಾವ ಗೋದಾಮಿನ ತಮ್ಮ ಮೂಲೆಗೆ ಹೋಗದೆ, ಬೆಳಿಗ್ಗೆಯೇ ನಮ್ಮನ್ನೆಲ್ಲ ಹೊರಡಿಸಿದರು.

ದುಬೈಯಲ್ಲಿ ಕರೆಂಟು ಹೋದದ್ದನ್ನು ಯಾರಾದರೂ ನೋಡಿದ್ದೀರಾ? ಇಲ್ಲಿ ಮೇಣದಬತ್ತಿ ಯಾವ ಸಮಸ್ಯೆ ಪರಿಹರಿಸುತ್ತದೆ ಎಂಬ ಪ್ರಶ್ನೆ ನನ್ನ ನಾಲಿಗೆ ತುದಿಗೆ ಬಂದಿತ್ತು. ಭಾವ ನನ್ನತ್ತ ಒಮ್ಮೆ ನೋಡಿದರು, ನಾನು ನುಂಗಿಕೊಂಡೆ.

ಹುಡುಗಿ ಒಂದು ಬತ್ತಿ ಎತ್ತಿ, "ಅಂಕಲ್, ನೀವು ಸುಮ್ಮನೆ ತೆಗೆದುಕೊಳ್ಳಿ" ಎಂದಳು. ಭಾವ ಕೆಂಡವಾದರು. "ಬೋಣಿಗೆ ಪುಕ್ಕಟೆ ಕೊಡುದಾ? ರೇಟು ಹೇಳು!" ಅವಳು ಹೇಳಿದಳು. ಭಾವ ಚೌಕಾಸಿಗೆ ಇಳಿದರು. ಕೆಲಸ ಕಳೆದುಕೊಂಡ ಹುಡುಗಿಯ ಹತ್ತಿರ ಚೌಕಾಸಿ! ನನಗೆ ತಡೆಯಲಿಲ್ಲ. "ಭಾವ, ನಾಚಿಕೆ ಆಗುದಿಲ್ವಾ? ಕೇಳಿದಷ್ಟು ಕೊಡಿ!"

ಭಾವ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಚೌಕಾಸಿ ಮಾಡದೆ ಕೊಟ್ರೆ ಅದು ದಾನ ಆಗ್ತದೆ ಮಾರಾಯ್ತಿ. ಅವಳೆಂತ ಬೇಡ್ಲಿಕ್ಕೆ ಕೂತದ್ದಾ?"

ಹುಡುಗಿಯೂ ಬಿಡಲಿಲ್ಲ. ಚೂರು ಇಳಿಸಿದಳು, ಮತ್ತೆ ಜಗ್ಗಲಿಲ್ಲ. ದುಡ್ಡು ಕೈಗೆ ಬಂದಾಗ, ಯಾರೂ ಹೇಳಿಕೊಡದೆ ಅದನ್ನು ಕಣ್ಣಿಗೊತ್ತಿಕೊಂಡಳು. ಇಷ್ಟು ಹೊತ್ತು ಹಿಡಿದಿಟ್ಟ ನನ್ನ ಸಿಟ್ಟೆಲ್ಲ ಎಲ್ಲಿ ಕರಗಿ ಹೋಯಿತೋ, ಕಣ್ಣು ಮಂಜಾಯಿತು.

ಅವಳು ಫ್ಲಾಸ್ಕಿನಿಂದ ಒಂದು ಲೋಟ ಚಹಾ ಬಗ್ಗಿಸಿ ಕೊಟ್ಟಳು. ಅಕ್ಕ ಗಾಬರಿಯಿಂದ, "ಬೇಡಮ್ಮ, ಇವರದ್ದು ಇನ್ನೂ ಬೋಣಿ ಆಗ್ಲಿಲ್ಲ, ಕುಡಿಯುದಿಲ್ಲ" ಎಂದಳು.

"ಆಯ್ತಲ್ಲ" ಎಂದರು ಭಾವ. ಸ್ಟೂಲು ಎಳೆದು ಅವಳ ಮೇಜಿನ ಪಕ್ಕ ಕೂತು, ಚಹಾ ಕುಡಿದರು.