ಕನ್ನಡಕದಣ್ಣ ಕಿಂಡಿ ಉಳಿಸಿದ್ದು

ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳಲಿ ಅಂತ ದೇವರು ಮನುಷ್ಯನಿಗೆ ಬಾಯಿ ಕೊಟ್ಟ. ನಮ್ಮ ಕನ್ನಡಕದಣ್ಣ ಅದನ್ನು ಬಚ್ಚಿಡುವುದಕ್ಕೆ ಬಳಸಿದರು. ಆವತ್ತಿನ ರಾದ್ಧಾಂತಕ್ಕೆಲ್ಲ ಅದೇ ಮೂಲ.

ಕಾರಣ ಮಾತ್ರ ಬಹಳ ಸಣ್ಣದು. ಅಡುಗೆಮನೆಗೂ ನಡುಮನೆಗೂ ನಡುವೆ ಇದ್ದ ಗೋಡೆಯಲ್ಲಿ ಒಂದು ಕಿಂಡಿ. ಎದೆಮಟ್ಟದಲ್ಲಿ, ಊಟದ ತಟ್ಟೆಯೊಂದು ಆಚೆಯಿಂದ ಈಚೆಗೆ ದಾಟುವಷ್ಟು ಅಗಲ. ಸುತ್ತ ಮರದ ಚೌಕಟ್ಟು. ಅದರ ಕೆಳಪಟ್ಟಿ ಎಷ್ಟೋ ಕಾಲ ಲೋಟ ತಟ್ಟೆಗಳು ಸರಿದಾಡಿ ಸರಿದಾಡಿ ಬಳಸಿದ ಸಾಬೂನಿನ ಹಾಗೆ ನುಣುಪಾಗಿ ನಡುವೆ ತಗ್ಗಿತ್ತು.

ಕನ್ನಡಕದಣ್ಣ ಅಂದರೆ ಪೇಟೆಬೀದಿಯ ಕನ್ನಡಕದಂಗಡಿಯ ಯಜಮಾನರು. ಊರಿನವರ ಮಂಜುಗಣ್ಣಿಗೆಲ್ಲ ಬೆಳಕು ಕೊಟ್ಟವರು. ಅವರು ಅಣ್ಣ ಆದ್ದರಿಂದ ಅವರ ಹೆಂಡತಿ ಬೀದಿಗೆಲ್ಲ ಅತ್ತಿಗೆ. ಇಬ್ಬರೂ ಸೇರಿ ಅಣ್ಣನ ಅಪ್ಪ ಕಟ್ಟಿಸಿದ್ದ ಹಳೇ ಬಂಗಲೆಯನ್ನು ರಿಪೇರಿ ಮಾಡಿಸಲು ಹೊರಟಿದ್ದರು. ಬಂಗಲೆ ಅನ್ನುವುದು ದೊಡ್ಡ ಮಾತು. ಎತ್ತರದ ಸೂರು, ಉದ್ದನೆಯ ವರಾಂಡ, ಗಾಳಿ ಬೀಸಿದರೆ ಒಂದಾದ ಮೇಲೊಂದು ಕೆಮ್ಮುವ ಕಿಟಕಿಗಳು, ಇಷ್ಟಿದ್ದದ್ದಕ್ಕೆ ಜನ ಬಂಗಲೆ ಅಂದರು, ಮನೆಯೂ ಸುಮ್ಮನೆ ಒಪ್ಪಿಕೊಂಡಿತು.

ಅಡುಗೆಮನೆ ಕತ್ತಲೆ ಅಂತ ಅತ್ತಿಗೆಯ ದೂರು. ಆ ಗೋಡೆ ತೆಗೆದರೆ ನಡುಮನೆಯ ಬೆಳಕೆಲ್ಲ ಒಳಗೆ ಬರುತ್ತದೆ ಅಂತ ಗಾರೆ ಮೇಸ್ತ್ರಿಯೂ ಹೇಳಿದ್ದ. ಅಣ್ಣ "ಆಗಲಿ" ಅಂದುಬಿಟ್ಟಿದ್ದರು. ಅನ್ನದೆ ಇರುವ ಹಾಗೂ ಇರಲಿಲ್ಲ. ಅದರ ಹಿಂದಿನ ವಾರವೇ ಅತ್ತಿಗೆಯ ತವರಿನ ಕಾಲು ಮುರಿದ ಕುರ್ಚಿಯನ್ನು ಗುಜರಿಯವನಿಗೆ ಎತ್ತಿಕೊಡುತ್ತಾ, "ಹಳೇದಕ್ಕೆಲ್ಲ ಹೀಗೆ ಅಂಟಿಕೊಂಡ್ರೆ ಮನೆ ಮನೆಯಾಗಿರಲ್ಲ ಕಣೇ, ಉಗ್ರಾಣ ಆಗುತ್ತೆ" ಅಂತ ವರಾಂಡದಲ್ಲಿ ನಿಂತು ಬೀದಿಗೆ ಕೇಳುವಂತೆ ಉಪದೇಶ ಮಾಡಿದ್ದರು. ಅತ್ತಿಗೆ ಕುರ್ಚಿ ಗೇಟು ದಾಟುವ ತನಕ ನೋಡುತ್ತಾ ನಿಂತಿದ್ದರು, ಅಷ್ಟೇ.

ಈಗ ಮೇಸ್ತ್ರಿ ಸುತ್ತಿಗೆ ಹಿಡಿದು ಗೋಡೆಯ ಮುಂದೆ ನಿಂತಾಗ ಅಣ್ಣನ ಕಣ್ಣು ಕಿಂಡಿಯ ಮೇಲೇ ನೆಟ್ಟಿತು.

ಆ ಕಿಂಡಿ ಅವರ ಅಮ್ಮನದು. ಅಮ್ಮನ ಅರ್ಧ ಆಯಸ್ಸು ಅದರ ಆಚೆ ಬದಿಯಲ್ಲಿ ಕಳೆದಿತ್ತು. ಇವರು ಚಿಕ್ಕವರಿದ್ದಾಗ ಈಚೆ ಬದಿಯಲ್ಲಿ ಸ್ಟೂಲು ಹಾಕಿಕೊಂಡು ನಿಂತು ಟಿಕೆಟ್ ಮಾರುತ್ತಿದ್ದರು. "ಎಲ್ಲಿಗಮ್ಮಾ ಟಿಕೆಟ್ಟು?" ಅಂದರೆ ಅಮ್ಮ ಹಿಟ್ಟಿನ ಕೈಯಲ್ಲೇ, "ನೀನು ಎಲ್ಲಿಗೆ ಹೋಗ್ತೀಯೋ ಅಲ್ಲಿಗೇ ಒಂದು ಕೊಡಪ್ಪಾ" ಅನ್ನುತ್ತಿದ್ದಳು. ಮುನಿಸಿಕೊಂಡು ಮೂಲೆಯಲ್ಲಿ ಕೂತ ದಿನ ರಮಿಸಲು ಬರುತ್ತಿರಲಿಲ್ಲ. ಬಿಸಿ ಹಾಲಿನ ಲೋಟ ಹಿಡಿದ ಕೈಯೊಂದೇ ಕಿಂಡಿಯಿಂದ ಈಚೆಗೆ ಬರುತ್ತಿತ್ತು. ಆ ಕೈ ಮಾತಾಡುತ್ತಿರಲಿಲ್ಲ, ಕಾಯುತ್ತಿತ್ತು. ಇವರು ಎದ್ದು ಹೋಗಿ ಲೋಟ ತೆಗೆದುಕೊಳ್ಳುವ ತನಕ ಕಾಯುತ್ತಿತ್ತು. ಅಮ್ಮ ಹೋಗಿ ಎಷ್ಟೋ ವರ್ಷವಾಗಿತ್ತು. ಆದರೂ ಸಂಜೆ ಅಂಗಡಿಯಿಂದ ಬಂದವರು ಕಿಂಡಿಯ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದರು. ಯಾಕೆ ಅಂತ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಗುಜರಿಯವನ ಮುಂದೆ ಅಷ್ಟು ದೊಡ್ಡ ಉಪದೇಶ ಮಾಡಿದ ಬಾಯಲ್ಲಿ ಈಗ "ನಮ್ಮಮ್ಮನ ಕಿಂಡಿ, ಒಡೀಬೇಡಿ" ಅಂತ ಹೇಳುವುದು ಹೇಗೆ?

ಅತ್ತಿಗೆ ಆಗಲೇ ಎರಡು ಸಲ ಗೇಟಿನ ತನಕ ಹೋಗಿ ಬೀದಿ ನೋಡಿ ಬಂದಿದ್ದರು. "ಮೇಸ್ತ್ರಿ, ಒಂದು ಚೂರು ತಡೀರಿ" ಅಂತ ಮತ್ತೆ ಹೊರಗೆ ಹೋದರು. ಆ ಸಂದಿಯಲ್ಲಿ ಅಣ್ಣನ ಬಾಯಿಂದ ಸುಳ್ಳು ಜಾರಿತು.

"ಮೇಸ್ತ್ರಿ, ಈ ಗೋಡೆ ಮುಟ್ಟಬೇಡ. ಸೂರಿನ ಭಾರವೆಲ್ಲ ಇದರ ಮೇಲೇ ಇದೆ. ನಮ್ಮಪ್ಪ ಹೇಳಿದ್ರು."

ಮೇಸ್ತ್ರಿ ಬೆರಳು ಮಡಚಿ ಗೋಡೆಗೆ ಕುಟ್ಟಿ ನೋಡಿದ. "ಏ, ಎಲ್ಲಿಯ ಭಾರ ಅಣ್ಣಾ? ಇದು ಬರೀ ಮರೆ ಗೋಡೆ."

"ಕಟ್ಟಿಸಿದವರು ನಮ್ಮಪ್ಪನೋ ನಿಮ್ಮಪ್ಪನೋ?"

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. ಒಂದು ಸಲ ಸೂರು ನೋಡಿದ, ಒಂದು ಸಲ ಬಾಗಿಲು ನೋಡಿದ. ಅವನಿಗೆ ಮನೆಯಲ್ಲಿ ಮಕ್ಕಳಿದ್ದರು. "ಅಲ್ಲಾ, ಇದನ್ನ ಮೊದಲೇ ಹೇಳೋದಲ್ವಾ ಅಣ್ಣಾ! ಹಿತ್ತಲ ಕಡೆ ನಾನು ಎಷ್ಟು ಕುಟ್ಟಿಬಿಟ್ಟಿದೀನಿ!" ಅಂದವನೇ ಹೊರಗೆ ಓಡಿ, ಆಸರೆಗೆ ಮರದ ಕಂಬಗಳನ್ನು ಹೊತ್ತು ತಂದ. ಗಳಿಗೆಯಲ್ಲಿ ನಡುಮನೆ ತೋಪಿನ ಹಾಗಾಯಿತು. ಅಣ್ಣ ಒಂದು ಕಂಬಕ್ಕೆ ಹಣೆ ಬಡಿಸಿಕೊಂಡರು, ಇನ್ನೊಂದಕ್ಕೆ ಮೊಣಕಾಲು.

ಗೇಟಿನಿಂದ ಬಂದ ಅತ್ತಿಗೆ ಕಂಬಗಳನ್ನು ನೋಡಿ ಬಾಗಿಲಲ್ಲೇ ನಿಂತರು. "ಏನ್ರೀ ಇದು?"

"ಸೂರು ಸ್ವಲ್ಪ ಸೂಕ್ಷ್ಮ ಅಂತೆ ಅತ್ತಿಗೇ, ಅಣ್ಣನೇ ಹೇಳಿದ್ರು," ಅಂದ ಮೇಸ್ತ್ರಿ. "ನೀವು ಜೋರಾಗಿ ಮಾತಾಡಬೇಡಿ."

ಈ ಪಿಸುಮಾತು ಪಕ್ಕದ ಮನೆಯ ಸ್ಟೇಷನ್ ಮಾಸ್ಟರರ ಕಿವಿಗೆ ಬಿತ್ತು. ಅವರು ರೈಲಿನ ಕೆಲಸದಿಂದ ನಿವೃತ್ತರಾಗಿದ್ದರೂ ರೈಲು ಅವರಿಂದ ನಿವೃತ್ತಿಯಾಗಿರಲಿಲ್ಲ. ಬೀದಿಯಲ್ಲಿ ಎಮ್ಮೆ ಅಡ್ಡ ಬಂದರೂ ಸೀಟಿ ಊದುವ ಆಸಾಮಿ. ಕೆಂಪು ಟವೆಲ್ಲೊಂದನ್ನು ಕೋಲಿಗೆ ಕಟ್ಟಿಕೊಂಡು ಕಾಂಪೌಂಡು ಹಾರಿಯೇ ಬಂದರು.

"ಏನಯ್ಯಾ ಕನ್ನಡಕ! ಸೂರು ಬೀಳ್ತಾ ಇದೆ, ನೀನು ಗರುಡಗಂಬದ ಹಾಗೆ ನಿಂತಿದೀಯಲ್ಲ! ನಡೀರಿ, ಎಲ್ಲಾ ಆಚೆ! ಸಾಮಾನೆಲ್ಲ ಆಚೆ!"

"ಮಾಸ್ಟರೇ, ಅಂಥಾದ್ದೇನಿಲ್ಲ..."

"ಅಪಘಾತಕ್ಕೆ ಮುಂಚೆ ಎಲ್ಲರೂ ಇದನ್ನೇ ಅನ್ನೋದು!" ಸೀಟಿ ಮೊಳಗಿತು.

ಸೀಟಿಗೆ ಅರ್ಧ ಬೀದಿ ನೆರೆಯಿತು. ಕರೆಯದೆ ಬಂದವರು ಕೇಳದೆ ಕೈ ಹಾಕಿದರು. ಬೀರು, ಹಾಸಿಗೆ, ಒಲೆ, ಕನ್ನಡಿ ಎಲ್ಲವೂ ಅಂಗಳದ ಮಾವಿನ ಮರದ ಕೆಳಗೆ ಬಂದು, ರೈಲು ತಪ್ಪಿಸಿಕೊಂಡ ಪ್ರಯಾಣಿಕರ ಹಾಗೆ ಸಾಲಾಗಿ ಕೂತವು. ಅಣ್ಣನ ಹಳೇ ಪೈಜಾಮವೊಂದು ಎಲ್ಲರ ಕೈ ದಾಟಿ ಬಂತು. ಕನ್ನಡಕ ಕೇಳಿಕೊಂಡು ಅಂಗಡಿಗೆ ಹೋಗಿದ್ದ ಗಿರಾಕಿಯೊಬ್ಬರು ಇಲ್ಲಿಗೇ ಹುಡುಕಿಕೊಂಡು ಬಂದು, ಕಣ್ಣು ಕಿರಿದು ಮಾಡಿ, "ಅಂಗಡಿ ಇಲ್ಲಿಗೆ ಬದಲಾಯಿಸಿದ್ರಾ? ಗಾಳಿ ಬೆಳಕು ಚೆನ್ನಾಗಿದೆ" ಅಂದು ಹೋದರು.

ಅಣ್ಣ ಮಾವಿನ ಮರಕ್ಕೆ ಒರಗಿ, 'ದೇವರೇ, ಕಿಂಡಿಯೊಂದು ಉಳಿದರೆ ಸಾಕು, ಇದನ್ನೆಲ್ಲ ತಡಕೊಳ್ತೀನಿ' ಅಂದುಕೊಂಡರು.

ಆದರೆ ಅತ್ತಿಗೆ ಅಷ್ಟು ಹೊತ್ತಿಗೆ ತಮ್ಮನಿಗೆ ಫೋನು ಮಾಡಿಯಾಗಿತ್ತು. ಅಣ್ಣನ ಬಾಮೈದ ಸೇತುವೆ ಕಟ್ಟಿಸುವ ಇಂಜಿನಿಯರು. ಜಗತ್ತಿನಲ್ಲಿ ನಿಂತದ್ದೆಲ್ಲ ಅವನ ಕಣ್ಣಿಗೆ ಸೇತುವೆಯೇ. ಊಟಕ್ಕೆ ಕೂತರೆ ಮೊದಲು ಮೇಜಿನ ಕಾಲು ಅಲ್ಲಾಡಿಸಿ ನೋಡುವವನು. ಹೆಲ್ಮೆಟ್ ಹಾಕಿಕೊಂಡೇ ಒಳಗೆ ಬಂದ.

"ಭಾವ, ಭಾರ ಹೊರೋ ಗೋಡೆ ಅಂತ ನಿಮಗೆ ಖಾತ್ರಿ ಇದೆಯಾ?"

ಬೀದಿಯೆಲ್ಲ ಕಿಟಕಿಯಲ್ಲಿ ಇಣುಕುತ್ತಿತ್ತು. "ಹೂಂ... ಅಪ್ಪ ಹೇಳ್ತಿದ್ರು."

"ಸಾಕು. ಹೊರುತ್ತೆ ಅಂತ ಅನುಮಾನ ಬಂದ್ರೆ, ಹೊರುತ್ತೆ ಅಂತಲೇ ಹಿಡ್ಕೋಬೇಕು. ನಮ್ಮ ಕೆಲಸದ ಪದ್ಧತಿಯೇ ಅದು. ಅಕ್ಕಾ, ಈ ಗೋಡೆ ಒಡೆಯೋ ಮಾತು ಇನ್ನು ಎತ್ತಬೇಡ."

ಅಣ್ಣನ ಪ್ರಾಣ ಹಗುರವಾಯಿತು. ಬಾಮೈದನನ್ನು ತಬ್ಬಿಕೊಳ್ಳೋಣ ಅನ್ನಿಸಿತು. ಅಷ್ಟರಲ್ಲಿ ಅವನು ಟಾರ್ಚು ಹಿಡಿದು ಗೋಡೆಗೆ ಮೂಗು ತಾಗಿಸಿದ.

"ಭಾವ! ಬಿರುಕು!"

ಕಿಂಡಿಯ ಮೂಲೆಯಿಂದ ಹೊರಟು, ಬಳುಕುತ್ತಾ, ನೆಲದ ತನಕ ಒಂದು ಗೆರೆ ಇಳಿದಿತ್ತು. ಸುಣ್ಣದ ಮೇಲೆ ಸುಣ್ಣ ಬಿದ್ದರೂ ಮಾಸಿರಲಿಲ್ಲ. ಅಣ್ಣನಿಗೆ ಅದರ ಗುರುತು ಹತ್ತಲು ಟಾರ್ಚು ಬೇಕಿರಲಿಲ್ಲ. ಯಾವುದೋ ಮಧ್ಯಾಹ್ನ ಅಮ್ಮನ ಮೇಲೆ ಸಿಟ್ಟಾಗಿ ಮೊಳೆ ಹಿಡಿದು ಗೀಚಿದ್ದರು. ಅಮ್ಮ ಬಂದು ನೋಡಿ, ಬೈಯದೆ, "ನದಿ ಚೆನ್ನಾಗಿದೆ. ಒಂದು ದೋಣಿಯನ್ನೂ ಬಿಡು" ಅಂದಿದ್ದಳು. ಆಮೇಲೆ ಸುಣ್ಣ ಹೊಡೆಯುವವರು ಬಂದಾಗಲೆಲ್ಲ, "ಅದನ್ನ ಮೆತ್ತಬೇಡಿ, ಅದು ನಮ್ಮ ಹುಡುಗನ ನದಿ" ಅನ್ನುತ್ತಿದ್ದಳು.

"ಏ, ಅದು ಬಿರುಕಲ್ಲ ಕಣೋ," ಅಂದರು ಅಣ್ಣ. "ನಾನು ಗೀಚಿದ್ದು. ಚಿಕ್ಕವನಿದ್ದಾಗ."

ಬಾಮೈದ ಮರುಕದಿಂದ ನೋಡಿದ. "ಭಾವ, ಸೇತುವೆ ಕೆಳಗೆ ಬಿರುಕು ಬಿಟ್ಟಾಗ ಕಂಟ್ರಾಕ್ಟರುಗಳೂ ಹೀಗೇ ಅಂತಾರೆ. ದನ ಉಜ್ಜಿದ್ದು ಅಂತಾರೆ. ಬಿರುಕು ಕಿಂಡಿಯಿಂದಲೇ ಶುರುವಾಗಿದೆ ನೋಡಿ. ಭಾರ ಹೊರೋ ಗೋಡೆಯಲ್ಲಿ ತೂತು ಇಡ್ತಾರಾ ಯಾರಾದ್ರೂ? ರೋಗ ಇರೋದೇ ಅಲ್ಲಿ. ಮೇಸ್ತ್ರಿ, ಈ ಕಿಂಡಿ ಮುಚ್ಚಿಬಿಡಿ. ಒಳಗೆ ಇಟ್ಟಿಗೆ, ಕಬ್ಬಿಣ, ಕಾಂಕ್ರೀಟು. ಗಟ್ಟಿಯಾಗಿ ತುಂಬಿ."

ಅಣ್ಣ ಕಿಂಡಿಗೆ ಅಡ್ಡ ಹೋಗಿ ನಿಂತರು. ಇನ್ನು ಮರ್ಯಾದೆ ನೋಡುವ ಕಾಲವಲ್ಲ. "ನಿಲ್ಲಿಸಿ! ನಾನು ಹೇಳಿದ್ದೆಲ್ಲ ಸುಳ್ಳು! ಅಪ್ಪ ಏನೂ ಹೇಳಿರಲಿಲ್ಲ. ಈ ಗೋಡೆ ಏನನ್ನೂ ಹೊರ್ತಾ ಇಲ್ಲ!"

ಅತ್ತಿಗೆ ಹತ್ತಿರ ಬಂದು ಅವರ ತೋಳು ಹಿಡಿದರು. ಕಣ್ಣು ತುಂಬಿತ್ತು.

"ನಾನು ಹೆದರ್ತೀನಿ ಅಂತ ತಾನೇ ಹೀಗೆ ಹೇಳ್ತಿರೋದು? ನನಗೆ ಗೊತ್ತಾಗಲ್ವಾ? ಇಷ್ಟು ವರ್ಷ ನಿಮ್ಮ ಜೊತೆ ಬಾಳಿದೀನಿ."

"ಅಯ್ಯೋ, ಹಾಗಲ್ಲ ಕಣೇ, ನಿಜವಾಗ್ಲೂ ಸುಳ್ಳು!"

"ನೋಡಿದ್ರಾ," ಅಂದರು ಸ್ಟೇಷನ್ ಮಾಸ್ಟರು ಕಿಟಕಿಯಿಂದ, ನೆರೆದವರ ಕಡೆ ತಿರುಗಿ. "ಹೆಂಡತಿಗೆ ಧೈರ್ಯ ಹೇಳೋದು ಅಂದ್ರೆ ಹೀಗೆ. ನೀವೂ ಇದೀರಿ."

ಗಂಡಸರು ತಲೆ ತಗ್ಗಿಸಿದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಬೆಳಿಗ್ಗೆ ಸುಳ್ಳನ್ನು ಒಂದೇ ಮಾತಿಗೆ ನಂಬಿದ ಜನಕ್ಕೆ ಈಗ ನಿಜ ಮಾತ್ರ ಒಂದು ಚೂರೂ ರುಚಿಸಲಿಲ್ಲ.

ಮೇಸ್ತ್ರಿ ಗಾರೆ ಕಲಸತೊಡಗಿದ. ಅತ್ತಿಗೆ ಮಾತ್ರ ಒಂದು ಸಲ ತಮ್ಮನನ್ನು ಕೇಳಿದರು: "ಆ ಮರದ ಚೌಕಟ್ಟನ್ನಾದ್ರೂ ಬಿಚ್ಚಿ ತೆಗೆಯೋಕೆ ಆಗಲ್ವೇನೋ?"

"ಬಿಚ್ಚೋಕೆ ಹೋದ್ರೆ ಸುತ್ತಲ ಇಟ್ಟಿಗೆ ಸಡಿಲ ಆಗುತ್ತೆ ಅಕ್ಕಾ. ಹಾಗೇ ಒಳಗೆ ಸೇರಿಸಿ ತುಂಬಿಬಿಡಲಿ."

ಒಂದೊಂದೇ ಇಟ್ಟಿಗೆ ಏರಿತು. ಆಚೆ ಕಾಣುತ್ತಿದ್ದ ಒಲೆಯ ಕಟ್ಟೆ ಮೊದಲು ಮರೆಯಾಯಿತು, ಆಮೇಲೆ ಸೌಟು ತೂಗುವ ಮೊಳೆ, ಕೊನೆಗೆ ಹಿತ್ತಲ ಬಾಗಿಲಿನ ಬೆಳಕು. ಅಮ್ಮನ ನುಣುಪು ಕೆಳಪಟ್ಟಿ, ಚೌಕಟ್ಟು, ಎಲ್ಲವೂ ಕಾಂಕ್ರೀಟಿನ ಹೊಟ್ಟೆ ಸೇರಿದವು. ನದಿಯನ್ನೂ ಮೇಸ್ತ್ರಿ ದಪ್ಪಗೆ ಮೆತ್ತಿದ. ಬಾಮೈದ ಗೋಡೆಗೆ ಎರಡು ಏಟು ಕೊಟ್ಟು, "ಇನ್ನು ಇದರ ಮೇಲೆ ಲಾರಿ ಓಡಿಸಬಹುದು ಭಾವ" ಅಂದು ಹೆಲ್ಮೆಟ್ ತೆಗೆಯದೆಯೇ ಹೊರಟ.

ಸಂಜೆಗೆ ಸಾಮಾನು ಒಳಗೆ ಬಂತು, ಜನ ಚದುರಿದರು. ಆಗ ಗೇಟಿನ ಸದ್ದಾಯಿತು. ಉಳಿ ಗರಗಸದ ಚೀಲ ಹೆಗಲಿಗೇರಿಸಿಕೊಂಡು ಬಡಗಿ ಬಂದಿದ್ದ.

"ತಡ ಆಯ್ತು ಅತ್ತಿಗೇ, ಬೈಬೇಡಿ. ಬೆಳಿಗ್ಗೆನೇ ಹೊರಟಿದ್ದೆ, ದಾರೀಲಿ ಯಾರದೋ ಮನೆ ಬಾಗಿಲು ಹಿಡ್ಕೊಂಡುಬಿಡ್ತು. ಎಲ್ಲಿ, ಗೋಡೆ ಒಡೆಯೋ ಮುಂಚೆ ಜೋಪಾನವಾಗಿ ಬಿಚ್ಚಬೇಕು ಅಂದಿದ್ರಲ್ಲ, ಆ ಕಿಂಡಿ ಚೌಕಟ್ಟು?"

ಅಣ್ಣ ತಿರುಗಿ ಹೆಂಡತಿಯ ಮುಖ ನೋಡಿದರು.

ಅತ್ತಿಗೆ ನಿಟ್ಟುಸಿರು ಬಿಟ್ಟರು. "ನಿಮಗೆ ಹೇಳಬಾರದು ಅಂತಿದ್ದೆ. ದಿನಾ ಸಂಜೆ ನೀವು ಅದರ ಪಕ್ಕದಲ್ಲೇ ಕೂರೋದು ನಾನು ನೋಡಿಲ್ವಾ? ನೀವಂತೂ ಬಾಯಿ ಬಿಡೋರಲ್ಲ. ಗೋಡೆ ಹೋದ್ರೂ ಅತ್ತೆಯ ಕಿಂಡಿ ಹೋಗಬಾರದು ಅಂತ, ಅದನ್ನ ಹಾಗೇ ಬಿಡಿಸಿ, ನಿಮ್ಮ ಅಂಗಡಿಯ ಕೌಂಟರಿಗೆ ಕೂರಿಸೋಕೆ ಬಡಗಿಗೆ ಹೇಳಿದ್ದೆ. ದಿನವೆಲ್ಲ ಅದರ ಹಿಂದೆ ಕೂತು ಕನ್ನಡಕ ಕೊಡಬಹುದಿತ್ತು ನೀವು."

ಆ ತವರಿನ ಕುರ್ಚಿ, ಅದು ಗೇಟು ದಾಟಿದ್ದು, ಇವಳು ನೋಡುತ್ತಾ ನಿಂತದ್ದು, ಎಲ್ಲ ಒಟ್ಟಿಗೆ ಬಂದು ಅಣ್ಣನ ಕಣ್ಣ ಮುಂದೆ ನಿಂತವು.

"ಹೋಗ್ಲಿ ಬಿಡಿ," ಅಂದರು ಅತ್ತಿಗೆ. "ನಮ್ಮ ಪುಣ್ಯ, ನೀವು ಹೇಳಿದ್ದಕ್ಕೆ ಮನೆ ಉಳೀತು. ಕೂತ್ಕೊಳ್ಳಿ, ಚಹಾ ತರ್ತೀನಿ." ಮೊದಲಿಗಿಂತಲೂ ಕತ್ತಲಾದ ಅಡುಗೆಮನೆಗೆ ದೀಪ ಹಾಕಿಕೊಂಡು ಹೋದರು.

ಅಣ್ಣ ಅದೇ ಕುರ್ಚಿಯಲ್ಲಿ ಕೂತರು. ಆಚೆಯಿಂದ ಲೋಟದ ಸದ್ದು ಕೇಳಿಸಿತು, ದೂರದ ಮನೆಯಿಂದ ಕೇಳಿಸಿದ ಹಾಗೆ. ಅಭ್ಯಾಸಬಲದಿಂದ ಅವರ ಕೈ ತಾನಾಗಿಯೇ ಮೇಲೆದ್ದು ಕಿಂಡಿಯತ್ತ ಚಾಚಿತು. ಹಸಿ ಸಿಮೆಂಟು ಅಂಗೈಗೆ ತಣ್ಣಗೆ ಅಂಟಿತು. ಅವರು ಕೈ ತೆಗೆಯಲಿಲ್ಲ. ಸ್ವಲ್ಪ ಒತ್ತಿಯೇ ಹಿಡಿದರು.

ಹೊರಗೆ ಬಾಂಡ್ಲಿ ತೊಳೆಯುತ್ತಿದ್ದ ಮೇಸ್ತ್ರಿ ಬಾಗಿಲಿಂದ ಇಣುಕಿದವನು ಕೂಗಿಕೊಂಡ:

"ಅಯ್ಯೋ ಅಣ್ಣಾ, ಮುಟ್ಟಬೇಡಿ! ಗುರುತು ಉಳ್ಕೊಂಡುಬಿಡುತ್ತೆ!"

ಓಡಿ ಬಂದು, ಅವರ ಕೈಯನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟು, ಕರಣೆಯಿಂದ ಒಂದೇ ಎಳೆತಕ್ಕೆ ಗೋಡೆಯನ್ನು ನುಣ್ಣಗೆ ಮಾಡಿಬಿಟ್ಟ.