ಬೀಗರ ಮುಂದೆ ಬಾಯಿ ಬಿಡದ ಕುಕ್ಕರ್

ಬೀಫ್ ಸ್ಟ್ಯೂ ಮಾಡುವುದು ಅಂಥ ಬ್ರಹ್ಮವಿದ್ಯೆಯೇನಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಮಾಂಸ, ಬಟಾಟೆ, ಕ್ಯಾರೆಟ್, ನೀರು. ಉಳಿದದ್ದನ್ನು ಕುಕ್ಕರ್ ನೋಡಿಕೊಳ್ಳುತ್ತದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ಒಂದು ಕುಕ್ಕರ್ ಯಾವ ಲೆಕ್ಕ!

ಆ ಭಾನುವಾರ ಮಗಳು ಶೆರಿಲ್ ಮೆಚ್ಚಿದ ಹುಡುಗ ನವೀನ್ ತನ್ನ ತಂದೆ-ತಾಯಿಯನ್ನು ಭಾಂಡುಪ್‌ನ ನಮ್ಮ ಮನೆಗೆ ಊಟಕ್ಕೆ ಕರೆತರುವವನಿದ್ದ. ಸಂಬಂಧ ಕುದುರಬೇಕಾದ ಊಟ. ಹುಡುಗನ ತಂದೆಗೆ ಸ್ಟ್ಯೂ ಎಂದರೆ ಪ್ರಾಣವಂತೆ. ಆದರೆ ಸ್ಟ್ಯೂ ಮಾಡಬಲ್ಲ ನನ್ನ ಹೆಂಡತಿ ಲಿಲ್ಲಿ ವಾರದ ಹಿಂದಷ್ಟೇ ದಾದರ್ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದಳು.

"ಹೋಟೆಲಿಂದ ತರಿಸುವಾ ಮಾರಾಯ್ರೆ," ಎಂದಳು.

"ಯಾಕೆ, ನಾನು ಸತ್ತಿದ್ದೇನಾ?"

"ಇಲ್ಲ. ಬರುವವರೂ ಬದುಕ್ಬೇಕಲ್ಲ?"

ಇಂಥ ಮಾತು ಕೇಳಿದ ಮೇಲೆ ಹಿಂದೆ ಸರಿಯುವುದುಂಟೇ? ಚೀಲ ಹಿಡಿದು ಹೊರಟೆ. ಅಂಗಡಿಯವನು ಎಂದಿನಂತೆ ಸಣ್ಣ ಸಣ್ಣ ತುಂಡು ಮಾಡಲು ಕತ್ತಿ ಎತ್ತಿದ. ತಡೆದೆ. "ಬಡಾ ಪೀಸ್ ದೋ," ಎಂದು ಅಪ್ಪಣೆ ಕೊಟ್ಟೆ. ಬೀಗರಿಗೆ ಬಡಿಸುವುದು ಕಣ್ಣಿಗೆ ಕಾಣಬೇಡವೇ? ಅವನು ಅನುಮಾನದಿಂದ ನನ್ನನ್ನೇ ನೋಡಿದ. "ಮೇಡಮ್ ಸೆ ಪೂಛಾ ಕ್ಯಾ, ಸಾಬ್?"

ಲಿಲ್ಲಿಯನ್ನು ಕೇಳಿರಲಿಲ್ಲ. ಕೇಳಲೂ ಇಲ್ಲ.

"ಮೊದಲು ಮಾಂಸ ಮಾತ್ರ ಹಾಕಿ. ಬಟಾಟೆ, ಕ್ಯಾರೆಟ್ ಕಡೆಗೆ," ಎಂದು ಲಿಲ್ಲಿ ಕುರ್ಚಿಯಿಂದಲೇ ಕೂಗಿದಳು. ಒಂದೇ ಪಾತ್ರೆಗೆ ಎರಡೆರಡು ಸಲ ಕೆಲಸ ಯಾಕೆಂದು ಎಲ್ಲವನ್ನೂ ಒಟ್ಟಿಗೇ ಸುರಿದು, ಮುಚ್ಚಳ ಹಾಕಿ, ವೆಯಿಟ್ ಕೂರಿಸಿದೆ.

"ಹನ್ನೆರಡು ಸೀಟಿ ಆಗ್ಬೇಕು, ಆಯ್ತಾ?"

ಹಜಾರದಲ್ಲಿ ಪೇಪರ್ ಹಿಡಿದು ಕೂತು, ಒಂದೊಂದನ್ನೂ ಬೆರಳು ಮಡಿಚಿ ಎಣಿಸಿದೆ. ಹನ್ನೆರಡು ಬಹಳ ಬೇಗನೇ ಆಯಿತು. ನಮ್ಮ ಕುಕ್ಕರಿನ ಚುರುಕುತನಕ್ಕೆ ನಾನೇ ಬೆರಗಾದೆ!

ಗ್ಯಾಸ್ ಆರಿಸುತ್ತಿದ್ದಂತೆ ಬಾಗಿಲ ಗಂಟೆ ಸದ್ದಾಯಿತು. ಬೀಗರು! ಗಡಿಬಿಡಿಯಲ್ಲಿ ಕುಕ್ಕರನ್ನು ನಲ್ಲಿಯ ಕೆಳಗಿಟ್ಟು ತಣ್ಣೀರು ಬಿಟ್ಟೆ. ಹೊರಗೆ ಬಂದು ನಮಸ್ಕಾರ, ಶರಬತ್ತು, ಲೋಕಲ್ ಟ್ರೇನಿನ ರಶ್ಶು ಎಲ್ಲ ಮುಗಿಸಿ ಮರಳಿ ಹೋಗಿ ನೋಡಿದರೆ, ಮುಚ್ಚಳ ಜಪ್ಪಯ್ಯ ಅಂದರೂ ಬರಲೊಲ್ಲದು.

ಎಳೆದೆ. ತಿರುಗಿಸಿದೆ. ಸ್ಕ್ರೂಡ್ರೈವರ್ ತಂದೆ. ಶೆರಿಲ್ ಕುಕ್ಕರನ್ನು ತಬ್ಬಿ ಹಿಡಿದಳು, ನವೀನ್ ಹಿಡಿಕೆ ಎಳೆದ, ನಾನು ನವೀನನ ಸೊಂಟ ಹಿಡಿದು ಎಳೆದೆ. "ಪಪ್ಪಾ, ಪ್ಲೀಸ್! ಬಸ್ ಕರೋ, ಸಾಕು!" ಎಂದು ಮಗಳು ಅಳುವುದೊಂದು ಬಾಕಿ.

ಆಗ ಹುಡುಗನ ತಂದೆ ಗ್ರೆಗರಿಯವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಪರೇಲಿನ ಬಟ್ಟೆ ಮಿಲ್ಲಿನಲ್ಲಿ ವರ್ಷಗಟ್ಟಲೆ ಬಾಯ್ಲರ್ ನೋಡಿಕೊಂಡವರು. ಒಂದು ಕ್ಷಣ ನಮ್ಮ ಸಾಹಸ ನೋಡಿ, ಹತ್ತಿರ ಬಂದು, ಎರಡೇ ಬೆರಳಲ್ಲಿ ವೆಯಿಟ್ ಎತ್ತಿದರು.

ಸುಯ್!

ಮುಚ್ಚಳ ಬೆಣ್ಣೆಯಂತೆ ಜಾರಿ ಬಂತು.

"ತಣ್ಣಗಾಗುವಾಗ ಒಳಗೆ ಗಾಳಿ ಇಲ್ಲದೆ ಮುಚ್ಚಳ ಕಚ್ಚಿಕೊಂಡಿತ್ತು, ಅಷ್ಟೇ," ಎಂದರು ನಯವಾಗಿ.

ಒಳಗೆ ಬಟಾಟೆ ಕರಗಿ ಗಂಜಿಯಾಗಿತ್ತು. ಮಾಂಸ ಮಾತ್ರ ತನ್ನ ಮೂಲ ನಿಲುವಿಗೆ ಅಂಟಿಕೊಂಡಿತ್ತು. ಕುಕ್ಕರನ್ನು ಹಾಗೇ ಊಟದ ಮೇಜಿಗೆ ತಂದಿಟ್ಟೆ. ಹುಡುಗನ ತಾಯಿ ರುಚಿ ನೋಡಲೆಂದು ಒಂದು ತುಣುಕು ಬಾಯಿಗೆ ಹಾಕಿಕೊಂಡರು. ಮುಂದಿನ ಐದು ನಿಮಿಷ ಅದನ್ನೇ ಅಗಿಯುತ್ತಿದ್ದರು.

"ಹನ್ನೆರಡು ಸೀಟಿ ಆಯ್ತಾ ನಿಜವಾಗಿ?" ಲಿಲ್ಲಿ ಕಣ್ಣು ಕೆಂಪಗೆ ಮಾಡಿದಳು.

"ನನ್ನ ಈ ಎರಡು ಕಿವಿಯಾರೆ ಕೇಳಿದ್ದೇನೆ!"

ಅಷ್ಟರಲ್ಲಿ ಅಡುಗೆಮನೆಯಿಂದ ಜೋರಾಗಿ ಒಂದು ಸೀಟಿ ಕೇಳಿಸಿತು. "ಹದಿಮೂರು!" ಎಂದೆ ನಾನು, ಅಭ್ಯಾಸಬಲದಿಂದ.

ಎಲ್ಲರೂ ಮೇಜಿನ ಮೇಲಿದ್ದ ನಮ್ಮ ಕುಕ್ಕರನ್ನು ನೋಡಿದರು. ಅದು ಬಾಯಿ ತೆರೆದು ತೆಪ್ಪಗೆ ಕೂತಿತ್ತು. ಮತ್ತೊಂದು ಸೀಟಿ ಬಂತು. ಪಕ್ಕದ ಮನೆಯ ಮರಾಠಿ ಹೆಂಗಸು, ನಾವೆಲ್ಲ ಮಾವಶಿ ಎನ್ನುವವರು, ಅಂದು ರಾಜ್ಮಾ ಬೇಯಿಸುತ್ತಿದ್ದರು; ಅವರ ಅಡುಗೆಮನೆಯ ಕಿಟಕಿ ನಮ್ಮ ಕಿಟಕಿಗೆ ಅಂಟಿಕೊಂಡೇ ಇದೆ. ನನ್ನ ಹನ್ನೆರಡರಲ್ಲಿ ಏಳೋ ಎಂಟೋ ಅವರದು!

ಮೊದಲು ನಕ್ಕವರು ಗ್ರೆಗರಿ. ಆಮೇಲೆ ಯಾರೂ ಹಿಂದುಳಿಯಲಿಲ್ಲ. ಅವರೇ ಅಂಗಿಯ ತೋಳು ಮಡಿಚಿ, ಮಾಂಸವನ್ನು ಸಣ್ಣಗೆ ಹೆಚ್ಚಿ ಮತ್ತೆ ಒಲೆಗಿಟ್ಟರು. ಅದು ಬೇಯುವ ಮುಕ್ಕಾಲು ಗಂಟೆಯಲ್ಲಿ ಮದುವೆ ಮಾತುಕತೆ ಪೂರ್ತಿ ಮುಗಿಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಶೆರಿಲ್‌ಗೆ ಮಾತ್ರ ಹುಡುಗನ ತಾಯಿ ಒಂದು ಪ್ರಶ್ನೆ ಹಾಕಿದರು.

"ಅಡುಗೆ ನೀನು ಯಾರಿಂದ ಕಲ್ತದ್ದು ಮಗಾ?"

"ಮಮ್ಮಿಯಿಂದ, ಆಂಟಿ."

"ದೇವರು ದೊಡ್ಡವನು," ಎಂದು ಅವರು ಶಿಲುಬೆಯ ಗುರುತು ಹಾಕಿಕೊಂಡರು.